ಉಪ್ಪ ದುಬೈಯಲ್ಲಿ, ಉಮ್ಮ ಉಪ್ಪಳದಲ್ಲಿ; ಮಗು ಎಲ್ಲಿ?

ಸಂಬಂಧ ಮುರಿದಾಗ ನಮ್ಮಲ್ಲಿ ಚಿನ್ನದ ಲೆಕ್ಕ ಗ್ರಾಂವರೆಗೆ ಬರುತ್ತದೆ. ಮಹರ್ ಎಷ್ಟು, ಹಾಕಿದ ಪವನ್ ಎಷ್ಟು, ಮಾರಿದ್ದೆಷ್ಟು, ಎಲ್ಲವೂ ಕಾಗದಕ್ಕೆ ಬೀಳುತ್ತದೆ. ಮಗುವಿನ ಬಗ್ಗೆ ಮಾತ್ರ ಒಂದೇ ಸಾಲು: ತಾಯಿಯ ಜೊತೆ ಇರಲಿ, ತಂದೆ ಬಂದಾಗ ನೋಡಲಿ. ತಂದೆ ಮಂಜೇಶ್ವರದಲ್ಲಿದ್ದರೆ ಇದು ಸಾಕಾಗಬಹುದು. ಗಲ್ಫಿನಲ್ಲಿದ್ದರೆ "ಬಂದಾಗ" ಎಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಅಷ್ಟರಲ್ಲಿ ಮೂರು ವರ್ಷದ ಮಗು ಮುಖವನ್ನೇ ಮರೆತಿರುತ್ತದೆ.

ಇನ್ನು ತಂದೆಗೆ ಫ್ಯಾಮಿಲಿ ವೀಸಾ ಸಿಕ್ಕಿ, ಮಗುವನ್ನು ಕರೆದೊಯ್ಯುತ್ತೇನೆ ಎಂದರೆ? "ಮಗು ತಂದೆಯದ್ದಲ್ಲವೇ" ಎಂದು ಹಿರಿಯರು ದೀನಿನ ಹೆಸರಲ್ಲಿ ತಲೆಯಾಡಿಸಿಬಿಡುತ್ತಾರೆ. ಆದರೆ ನಮ್ಮ ದರ್ಸ್‌ಗಳಲ್ಲಿ ಮಹಲ್ಲಿಯ ವ್ಯಾಖ್ಯಾನದೊಂದಿಗೆ ಓದಿಸುವ ಇಮಾಮ್ ನವವಿಯವರ ಮಿನ್‌ಹಾಜ್ ಇಷ್ಟು ಸುಲಭದಲ್ಲಿ ಮುಗಿಸುವುದಿಲ್ಲ. ಇಬ್ಬರಲ್ಲಿ ಒಬ್ಬರು ಅಗತ್ಯಕ್ಕಾಗಿ ಪ್ರಯಾಣ ಹೊರಟರೆ, ಅವರು ಮರಳುವವರೆಗೆ ಮಗು ಊರಲ್ಲಿ ಉಳಿದವರ ಬಳಿ. ಊರು ಬದಲಿಸಿ ನೆಲೆಸಲು ಹೊರಟರೆ ತಂದೆಗೆ ಆದ್ಯತೆ. ಅದೂ ದಾರಿ ಮತ್ತು ಸೇರುವ ಜಾಗ ಸುರಕ್ಷಿತವಾಗಿದ್ದರೆ.

ಹಾಗಾದರೆ ಗಲ್ಫ್ ಯಾವುದು? ಪ್ರಯಾಣವೋ, ನೆಲೆಯೋ? ಇಪ್ಪತ್ತು ವರ್ಷ ದುಡಿದವನೂ ಕೆಲಸ ಹೋದರೆ, ವೀಸಾ ಮುಗಿದರೆ ಗಂಟುಮೂಟೆ ಕಟ್ಟಬೇಕು. ಮನೆ ಕಟ್ಟಿಸುವುದು ಊರಲ್ಲೇ, ಖಬರಿಗೆ ಜಾಗ ಬಯಸುವುದೂ ಊರಲ್ಲೇ. ನನ್ನ ಮಟ್ಟಿಗೆ ಅದು ಪ್ರಯಾಣ. ನರ್ಸ್ ಕೆಲಸಕ್ಕೆ ರಿಯಾದಿಗೆ ಹೊರಟ ಉಮ್ಮನಿಗೂ ಇದೇ ಅಳತೆ ಹಾಕಬೇಕಾಗುತ್ತದೆ, ಅದನ್ನೂ ಒಪ್ಪುತ್ತೇನೆ. ಉಲಮಾಗಳು ಈ ಪ್ರಶ್ನೆಯನ್ನು ಜಮಾಅತ್‌ಗಳ ಮುಂದೆ ಬಿಡಿಸಿ ಹೇಳಲಿ.

ಕೋರ್ಟಿನ ದಾರಿಯೂ ತಿಳಿದಿರಲಿ. 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ ನೋಡುವುದು ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆ ಎಂಬುದನ್ನು. ನಿಕಾಹ್ ಮಂಗಳೂರಿನಲ್ಲಿ ಆಗಿದ್ದರೂ ಉಪ್ಪಳದಲ್ಲಿ ಬೆಳೆಯುವ ಮಗುವಿನ ಅರ್ಜಿ ತಲಪಾಡಿ ದಾಟುವುದಿಲ್ಲ. ಕಡಲು ದಾಟಿದ ಮಗುವಿನ ಕಥೆ ಇನ್ನೂ ಕಷ್ಟ: ಮಕ್ಕಳನ್ನು ಬೇಗ ಮರಳಿಸಲು ದೇಶದೇಶಗಳ ನಡುವೆ ಆಗಿರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ.

ಆದ್ದರಿಂದ ಎಲ್ಲವನ್ನೂ ಮೊದಲೇ ಬರೆಯಿರಿ. ಪಾಸ್‌ಪೋರ್ಟ್ ಯಾರ ಬಳಿ, ಬೇಸಿಗೆ ರಜೆ ಎಲ್ಲಿ, ಟಿಕೆಟ್ ದುಡ್ಡು ಯಾರದ್ದು, ಉಪ್ಪ ಊರಲ್ಲಿ ಇಲ್ಲದಾಗ ಅವನ ತಾಯಿ ಮೊಮ್ಮಗುವನ್ನು ಯಾವ ದಿನ ನೋಡಬಹುದು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬರೆದದ್ದನ್ನು ಫ್ಯಾಮಿಲಿ ಕೋರ್ಟಿನಲ್ಲಿ ದಾಖಲಿಸಿ. ಜಮಾಅತ್‌ನ ಕಾಗದ ಮುರಿದವನನ್ನು ಜಮಾಅತ್ ಏನು ಮಾಡೀತು?

ಮಗು ಜೊತೆಯಲ್ಲಿಲ್ಲದ ತಂದೆ ಅಥವಾ ತಾಯಿಗೆ ದಿನಕ್ಕೆ ಐದು ಹತ್ತು ನಿಮಿಷವಾದರೂ ವಿಡಿಯೋ ಕಾಲ್ ಸಿಗಬೇಕೆಂಬ ಮಾತನ್ನು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದಕ್ಕೆ ಗಂಟೆ ಗೊತ್ತುಮಾಡುವಾಗ ಊರಿನ ಗಂಟೆಯನ್ನೇ ಬರೆಯಿರಿ. ದುಬೈಯಲ್ಲಿ ಡ್ಯೂಟಿ ಮುಗಿಸಿ ರಾತ್ರಿ ಎಂಟಕ್ಕೆ ಫೋನ್ ಎತ್ತಿಕೊಂಡರೆ ಇಲ್ಲಿ ಒಂಬತ್ತೂವರೆ. ಬೆಳಿಗ್ಗೆ ಮದ್ರಸಕ್ಕೆ ಏಳಬೇಕಾದ ಮಗು ಮಲಗಿರುತ್ತದೆ.