ಕಡಲೆಯ ಗಾದೆ ಸಾಕು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಈ ಗಾದೆಯನ್ನು ನಾನೇ ಎಷ್ಟೋ ವರ್ಷ ತರಗತಿಯಲ್ಲಿ ವಿಸ್ತರಿಸಿ ಬರೆಸಿದ್ದೇನೆ, ಚೆನ್ನಾಗಿ ಬರೆದವರಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ. ಈಗ ಅದರ ಮೇಲೆ ನನಗೆ ಸಿಟ್ಟಿದೆ. ಹಲ್ಲು ಹೋಗುವುದನ್ನು ಅದು ವಿಧಿಯ ಆಟ ಮಾಡಿಬಿಟ್ಟಿದೆ. ವಿಧಿಗೆ ಯಾರು ಔಷಧ ಹುಡುಕುತ್ತಾರೆ?

ನನ್ನ ಅವ್ವನಿಗೆ 78 ವರ್ಷ. ಜೋಳದ ರೊಟ್ಟಿ, ಮೂಲಂಗಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ ಇಲ್ಲದೆ ಊಟಕ್ಕೆ ಕೂತವಳಲ್ಲ. ಮೂರು ವರ್ಷದಲ್ಲಿ ಒಂದೊಂದಾಗಿ ಎಲ್ಲವನ್ನೂ ಬಿಟ್ಟಳು. ರೊಟ್ಟಿ ಹಾಲಿನಲ್ಲಿ ನೆನೆಯಿತು, ಆಮೇಲೆ ಅನ್ನ-ಸಾರು, ಕಡೆಗೆ ಬರೀ ಗಂಜಿ. ಮದುವೆಗೆ ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಮಾತಾಡುವಾಗ ಸೆರಗು ಬಾಯಿಗೆ ಹೋಗುತ್ತಿತ್ತು. ಸೊರಗಿದಾಗ ‘ವಯಸ್ಸಾಯಿತಲ್ಲ’ ಎಂದೆವು. ಮಾತು ಕಡಿಮೆಯಾದಾಗಲೂ ಅದನ್ನೇ ಎಂದೆವು. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಉಗುರು, ಹಲ್ಲು ಪರೀಕ್ಷಿಸುವ ನಾನು ಹೆತ್ತವಳ ಬಾಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದ ದಿನ ಅಲ್ಲಿದ್ದದ್ದು ಅಲುಗಾಡುವ ಆರು ಹಲ್ಲು, ಊದಿದ ಒಸಡು.

‘ಇನ್ನೆಷ್ಟ ದಿವಸ ಇರಾಕಿ ನಾನು? ಸುಮ್ನ ರೊಕ್ಕ ಹಾಳ ಮಾಡಬ್ಯಾಡ’ ಎಂದಳು ಅವ್ವ. ‘ಈ ವಯಸ್ಸಿನ್ಯಾಗ ಹಲ್ಲು ಕಟ್ಟಿಸ್ಕೊಂಡು ಯಾವ ಫೋಟೊ ತೆಗಿಸ್ಕೊಳ್ಳೋದೈತಿ, ಅಕ್ಕಾ?’ ಎಂದು ತಮ್ಮ ನಕ್ಕ. ಅವ್ವನ ಕಣ್ಣಿನ ಪೊರೆ ತೆಗೆಸಲು ಇದೇ ತಮ್ಮ ವಾರ ರಜೆ ಹಾಕಿದ್ದ. ಕಣ್ಣು ಅಂಗ, ಹಲ್ಲು ಶೃಂಗಾರ: ಇದು ನಮ್ಮ ಮನೆಗಳ ಲೆಕ್ಕ.

ಈ ಲೆಕ್ಕ ತಪ್ಪು. ತ, ದ, ನ, ಸ ದಂತ್ಯಾಕ್ಷರಗಳೆಂದು ಮಕ್ಕಳಿಗೆ ಕಲಿಸುತ್ತೇನೆ. ಹಲ್ಲು ಹೋದಾಗ ಅವ್ವನಿಂದ ಮೊದಲು ಹೋದದ್ದೇ ಆ ಅಕ್ಷರಗಳು. ಫೋನಿನಲ್ಲಿ ಮೊಮ್ಮಗ ‘ಏನಂದಿ ಅಮ್ಮಾ?’ ಎಂದು ಮೂರು ಸಲ ಕೇಳಿದ ಮೇಲೆ ಅವಳು ಫೋನ್ ಹಿಡಿಯುವುದನ್ನೇ ಬಿಟ್ಟಳು. ಅಗಿಯಲಾರದವರು ಕಾಯಿಪಲ್ಯ, ಕಾಳು, ಶೇಂಗಾ ಬಿಡುತ್ತಾರೆ. ಮೈಯ ಕಸುವು ಅಲ್ಲೇ ಕುಂದುತ್ತದೆ. ಸಕ್ಕರೆ ಕಾಯಿಲೆ ಒಸಡನ್ನು ಕೆಡಿಸುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ.

ಹಲ್ಲು ಬೀಳುವುದು ವಯಸ್ಸಿನ ಧರ್ಮ ಎನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಜಗತ್ತಿನಲ್ಲಿ 60 ದಾಟಿದ ನೂರರಲ್ಲಿ ಸುಮಾರು 23 ಮಂದಿಗೆ ಒಂದೂ ಹಲ್ಲಿಲ್ಲ. ಹಾಗಾದರೆ ಉಳಿದವರಿಗೆ ವಯಸ್ಸಾಗಿಲ್ಲವೆ? ಹಲ್ಲನ್ನು ಕೀಳುವುದು ವರ್ಷಗಳಲ್ಲ. ಹುಳುಕು, ಒಸಡಿನ ರೋಗ, ತಂಬಾಕು ಮತ್ತು ನಮ್ಮ ಅಲಕ್ಷ್ಯ.

ಸರ್ಕಾರವನ್ನೂ ಬಿಡುವ ಹಾಗಿಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡುವ ‘ದಂತಭಾಗ್ಯ’ ಯೋಜನೆ ನಮ್ಮ ರಾಜ್ಯದಲ್ಲಿ 2014-15ರಲ್ಲಿ ಬಂತು. ಒಳ್ಳೆಯ ಕೆಲಸವೇ. ಆದರೆ ಪೂರ್ತಿ ಸೆಟ್ಟು ಒಂದು ದಿನದಲ್ಲಿ ಆಗುವುದಲ್ಲ. ಅಚ್ಚು ತೆಗೆಯಲು, ಅಳತೆಗೆ, ಹಾಕಿ ನೋಡಲು, ಚುಚ್ಚಿದ ಕಡೆ ಉಜ್ಜಿ ಸರಿಪಡಿಸಲು ಎಂದು ನಾಲ್ಕಾರು ಸಲ ಅಲೆಯಬೇಕು. ಪ್ರತಿ ಸಲವೂ ಜೊತೆಗೊಬ್ಬರು ಕೂಲಿ ಬಿಟ್ಟು ಬರಬೇಕು. ಹಲ್ಲು ಉಚಿತ, ದಾರಿ ದುಬಾರಿ. 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ವಿಮೆ ವಿಸ್ತರಿಸಿತು. ಅದೂ ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಮಲಗುವವರಿಗೆ. ಕುರ್ಚಿಯಲ್ಲಿ ಕೂತು ಹಲ್ಲು ಕಟ್ಟಿಸಿಕೊಂಡು ಮನೆಗೆ ಹೋಗುವ ಮುದುಕಿಗಲ್ಲ. ದಂತ ವೈದ್ಯಕೀಯ ಕಾಲೇಜುಗಳು ಇಷ್ಟೊಂದಿರುವ ನಾಡಿನಲ್ಲಿ, ವೈದ್ಯರು ತಾಲ್ಲೂಕಿಗೆ ಬಂದು ಅಚ್ಚು ತೆಗೆದುಕೊಂಡು ಹೋಗಲಿ ಎಂದು ಕೇಳುವುದು ಅತಿಯಾಸೆಯೆ?

ಅವ್ವನಿಗೆ ಸೆಟ್ಟು ಕಟ್ಟಿಸಿ ಎಂಟು ತಿಂಗಳಾಯಿತು. ಮೊದಲ ತಿಂಗಳು ಬೈದು ಡಬ್ಬಿಯಲ್ಲಿಟ್ಟಳು. ಕಟಕ ರೊಟ್ಟಿ ಈಗಲೂ ಆಗದು. ಬಿಸಿ ಮೆತ್ತನ್ನ ರೊಟ್ಟಿ ಆಗುತ್ತದೆ. ಕಳೆದ ವಾರ ತೊಟ್ಟಿಲ ಕಾರ್ಯಕ್ಕೆ ತಾನೇ ಹೊರಟು ನಿಂತಳು. ಅಲ್ಲಿ ಸೆರಗು ಹೆಗಲ ಮೇಲೆಯೇ ಇತ್ತು.

ಓದುಗರೇ, ಮನೆಯ ಹಿರಿಯರನ್ನು ‘ಊಟ ಆಯಿತೆ?’ ಎಂದು ದಿನವೂ ಕೇಳುತ್ತೀರಿ. ಇವತ್ತು ‘ಏನು ಅಗಿಯಲಿಕ್ಕೆ ಆಗುತ್ತದೆ?’ ಎಂದು ಕೇಳಿ. ಬೆಳಕಿಗೆ ಕೂರಿಸಿ ಬಾಯಿ ತೆರೆಸಿ ನೋಡಿ. ನಾನು ಮೂರು ವರ್ಷ ತಡ ಮಾಡಿದೆ. ನೀವು ಮಾಡಬೇಡಿ.