ವಿಮಾನವೊಂದರಿಂದಲೇ ಕಾಳ್ಗಿಚ್ಚು ಆರೀತೇ?

ಆಸ್ಟ್ರೇಲಿಯಾದಲ್ಲಿ ಕಾಳ್ಗಿಚ್ಚು ಹಬ್ಬಿದಾಗಲೆಲ್ಲ ಟಿ.ವಿ. ಪರದೆಯ ಮೇಲೆ ಒಂದೇ ದೃಶ್ಯ ಕಾಣುತ್ತದೆ: ಹೊಗೆಯ ನಡುವೆ ತಗ್ಗಿ ಹಾರುವ ದೈತ್ಯ ವಿಮಾನ, ಅದರ ಒಡಲಿನಿಂದ ಸುರಿಯುವ ಕೆಂಪು ದ್ರಾವಣ. ಸರ್ಕಾರ ಎಚ್ಚೆತ್ತಿದೆಯೆಂಬ ಭರವಸೆ ನೋಡುಗರಲ್ಲಿ ಮೂಡುವುದು ಸಹಜ. ಆದರೆ ಅದಕ್ಕೆ ತೆರುವ ಬೆಲೆ, ದೊರೆಯುವ ಫಲ ಎರಡನ್ನೂ ತೂಗಿ ನೋಡಬೇಕಲ್ಲವೇ?

ವಿಮಾನವೊಂದರಿಂದಲೇ ಕಾಳ್ಗಿಚ್ಚು ಆರುವುದು ಅಪರೂಪ. ಬೆಂಕಿ ಸಾಗುವ ದಾರಿಯಲ್ಲಿನ ಗಿಡಗಂಟಿಗಳ ಮೇಲೆ ಅಗ್ನಿನಿರೋಧಕ ದ್ರಾವಣ ಸುರಿದು ಅದರ ವೇಗ ತಗ್ಗಿಸಿ, ನೆಲದ ಮೇಲಿನ ಸಿಬ್ಬಂದಿಗೆ ಕಾಲಾವಕಾಶ ಒದಗಿಸುವುದು ಅದರ ಕೆಲಸ. ಕಿಡಿ ಹೊತ್ತಿದ ಮೊದಲ ಗಂಟೆಗಳಲ್ಲಿ ತಲುಪಿದರೆ ಸಣ್ಣ ವಿಮಾನವೂ ದೊಡ್ಡ ಅನಾಹುತವನ್ನು ತಪ್ಪಿಸಬಲ್ಲದು. ಬಿರುಗಾಳಿ ಸೇರಿ ಕಿಚ್ಚು ಕೈಮೀರಿದ ಮೇಲೆ 15 ಸಾವಿರ ಲೀಟರ್ ಹೊರುವ ವಿಮಾನದಿಂದಲೂ ಹೆಚ್ಚಿನ ನೆರವಾಗದು. ದ್ರಾವಣ ಗಾಳಿಗೆ ಚದುರುತ್ತದೆ, ಹೊಗೆಯಲ್ಲಿ ಗುರಿ ಕಾಣದು, ಕಿಡಿಗಳು ಹಾರಿ ಬಹುದೂರ ಬೀಳುತ್ತವೆ. ವಿಕ್ಟೋರಿಯಾ ರಾಜ್ಯದಲ್ಲಿ 173 ಮಂದಿಯನ್ನು ಬಲಿ ಪಡೆದ 2009ರ ಫೆಬ್ರುವರಿ 7 ಅಂತಹ ದಿನ. ಹಾರಾಟದ ಅಪಾಯವೂ ಕಡಿಮೆಯಲ್ಲ. 2020ರ ಜನವರಿ 23ರಂದು ನ್ಯೂ ಸೌತ್ ವೇಲ್ಸ್‌ನಲ್ಲಿ ಹರ್ಕ್ಯುಲಿಸ್ ವಿಮಾನ ಪತನಗೊಂಡು ಅಮೆರಿಕದ ಮೂವರು ಸಿಬ್ಬಂದಿ ಮೃತಪಟ್ಟರು.

ಅರ್ಥಶಾಸ್ತ್ರದ ದೃಷ್ಟಿಯಿಂದ ಇನ್ನೊಂದು ತೊಡಕಿದೆ. ಆಸ್ಟ್ರೇಲಿಯಾ ದೊಡ್ಡ ವಿಮಾನಗಳನ್ನು ಹೆಚ್ಚಾಗಿ ಉತ್ತರ ಅಮೆರಿಕದಿಂದ ಬಾಡಿಗೆಗೆ ತರುತ್ತ ಬಂದಿದೆ. ಇಲ್ಲಿ ಬೇಸಿಗೆಯಾದಾಗ ಅಲ್ಲಿ ಚಳಿಗಾಲವಾದ್ದರಿಂದ ಈ ಏರ್ಪಾಡು ಲಾಭದಾಯಕವಾಗಿತ್ತು. ಈಗ ಎರಡೂ ಕಡೆ ಕಾಳ್ಗಿಚ್ಚಿನ ಋತು ಹಿಗ್ಗಿ ಒಂದರ ಮೇಲೊಂದು ಬೀಳುತ್ತಿದೆ. ಎಲ್ಲರಿಗೂ ಏಕಕಾಲಕ್ಕೆ ಬೇಕಾದ ವಸ್ತು ಬಾಡಿಗೆಗೆ ಸುಲಭವಾಗಿ ಸಿಗದು. 2019-20ರ ಭೀಕರ ಬೆಂಕಿಯ ನಂತರ ನೇಮಕವಾದ ರಾಯಲ್ ಕಮಿಷನ್, ದೇಶ ತನ್ನದೇ ವೈಮಾನಿಕ ಸಾಮರ್ಥ್ಯ ಹೊಂದಬೇಕೆಂದು 2020ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಸಮರ್ಥನೀಯವೇ. ಆದರೆ ಒಂದೆರಡು ದೈತ್ಯ ವಿಮಾನಗಳಿಗಿಂತ, ಹಲವೆಡೆ ಸನ್ನದ್ಧವಾಗಿರುವ ಸಣ್ಣ ವಿಮಾನಗಳು ಹಾಗೂ ತರಬೇತಾದ ನೆಲದ ಪಡೆ ಮೊದಲ ಆದ್ಯತೆಯಾಗಬೇಕು.

ಈ ಪಾಠ ನಮಗೂ ಅನ್ವಯಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಅವು ಬರುವ ವೇಳೆಗೆ ಸಾವಿರಾರು ಎಕರೆ ಕಾಡು ಸುಟ್ಟಿತ್ತು. ಬೇಸಿಗೆಗೆ ಮುನ್ನವೇ ಬೆಂಕಿ ರೇಖೆಗಳನ್ನು ಸವರುವವರು, ಕಿಡಿ ಕಂಡೊಡನೆ ಹಸಿ ಸೊಪ್ಪು ಹಿಡಿದು ಓಡುವವರು ದಿನಗೂಲಿಯ ಕಾವಲುಗಾರರು. ಅವರಲ್ಲಿ ಅನೇಕರು ಕಾಡಂಚಿನ ಹಾಡಿಗಳ ಗಿರಿಜನರು.

ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಕಂಡಂತೆ, ಯಂತ್ರ ಖರೀದಿಯ ಕಡತ ಬೇಗ ಚಲಿಸುತ್ತದೆ, ಕೂಲಿ ಪಾವತಿಯ ಕಡತ ಮೇಜಿನಿಂದ ಮೇಜಿಗೆ ತೆವಳುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ಹೆಲಿಕಾಪ್ಟರ್ ಬೇಡವೆಂದು ಯಾರೂ ಹೇಳಲಾರರು. ಆದರೆ ಅದನ್ನು ಕರೆಯುವ ಮುನ್ನ ಕಾವಲುಗಾರರ ಕೂಲಿ ಸಕಾಲಕ್ಕೆ ತಲುಪಿತ್ತೇ ಎಂಬ ಪ್ರಶ್ನೆಗೆ ಪ್ರತಿ ಜನವರಿಯಲ್ಲಿ ಸರ್ಕಾರ ಉತ್ತರಿಸಬೇಕು.