ಒಗರಿನ ಲೆಕ್ಕ

ದನದ ಮಾಂಸದ ದಪ್ಪ ತುಂಡಿಗೆ ಉಪ್ಪು, ಕರಿಮೆಣಸಿನ ಪುಡಿಗಳನ್ನು ಸವರಿ ಕೆಂಡದ ಮೇಲೆ ಸುಟ್ಟು ತಿನ್ನುವುದು ಪಾಶ್ಚಾತ್ಯರ ಪದ್ಧತಿ. ಅದಕ್ಕೆ ಸ್ಟೇಕ್ ಎಂದು ಹೆಸರು. ಅದರ ಜೊತೆಗೆ ಕೆಂಪು ವೈನ್ ಇರಲೇಬೇಕೆಂಬುದು ಅಲ್ಲಿಯ ಶಿಷ್ಟಾಚಾರ. ಜೋಳದ ರೊಟ್ಟಿಯ ಸೀಮೆಯಾದ ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯಲ್ಲಿ ಈ ಶಿಷ್ಟಾಚಾರಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಮ್ಮ, ಅಕ್ಕನ ಊರಿಗೆ ಬರುವಾಗ ಭಾವನಿಗೆಂದು ಚೀಲದಲ್ಲಿ ಒಂದು ಶೀಷೆಯನ್ನು ತರುವ ಕಾಲವಿದು. ಒಲೆಯ ಮೇಲೆ ಕುದಿಯುತ್ತಿರುವುದಾದರೋ ಕುರಿಮಾಂಸದ ಖಾರದ ಸಾರು. ಕೆಂಪು ಮಾಂಸಕ್ಕೆ ಕೆಂಪು ವೈನ್ ಎಂಬ ಪರದೇಶದ ಸೂತ್ರವನ್ನು ನಂಬಿ ತಂದ ಬೆಲೆಯುಳ್ಳ ಪಾನೀಯದ ಮೊದಲ ಗುಟುಕಿಗೇ ಭಾವ ಮುಖ ಹಿಂಡುತ್ತಾರೆ. ದುಡ್ಡೂ ಹೋಯಿತು, ಊಟವೂ ಕೆಟ್ಟಿತು. ಭಾವನಿಗೆ ರುಚಿ ತಿಳಿಯದೆಂದು ತಮ್ಮ ಮನಸ್ಸಿನಲ್ಲೇ ತೀರ್ಮಾನಿಸುತ್ತಾನೆ. ವಾಸ್ತವವಾಗಿ ಅಪರಾಧ ನಾಲಗೆಯದಲ್ಲ. ಕಾರಣವರಿಯದೆ ಸೂತ್ರವನ್ನು ಅನುಸರಿಸಿದ್ದರದು.

ಸೂತ್ರದ ಗುಟ್ಟು ಬಣ್ಣದಲ್ಲಿಲ್ಲ, ಒಗರಿನಲ್ಲಿದೆ. ಷಡ್ರಸಗಳಲ್ಲಿ ಕಷಾಯವೆಂದು ಎಣಿಸಲ್ಪಟ್ಟ ಈ ರುಚಿ ಕನ್ನಡಿಗರಿಗೆ ಹೊಸದೇನಲ್ಲ. ನೇರಳೆಹಣ್ಣು ತಿಂದಾಗ ನಾಲಗೆ ದೊರಗಾಗುವುದು, ಅಡಿಕೆ ಅಗಿದಾಗ ಬಾಯಿ ಒಣಗುವುದು ಅದರಿಂದಲೇ. ಟ್ಯಾನಿನ್ ಎಂಬ ದ್ರವ್ಯ ಅದರ ಮೂಲ. ಕೆಂಪು ವೈನಿಗೆ ದ್ರಾಕ್ಷಿಯ ರಸವನ್ನು ಸಿಪ್ಪೆಬೀಜಗಳ ಸಹಿತವಾಗಿ ಹುದುಗಿಸುವುದರಿಂದ ಅವುಗಳ ಒಗರೆಲ್ಲ ರಸಕ್ಕೆ ಇಳಿಯುತ್ತದೆ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಂಡು ಬಾಯಿಯನ್ನು ಒಣಗಿಸುತ್ತದೆ. ಮಾಂಸದ ಪ್ರೋಟೀನೂ ಕೊಬ್ಬೂ ಎದುರಾದರೆ ಅದರ ಬಿರುಸು ಅವುಗಳ ಮೇಲೆ ತೀರುತ್ತದೆ; ಬಾಯಿಗೆ ಅಂಟಿದ ಜಿಡ್ಡೂ ಹಗುರಾಗುತ್ತದೆ. ಭಾರಿ ಊಟದ ಮೇಲೆ ತಾಂಬೂಲ ಹಿತವೆನಿಸುವುದಕ್ಕೆ ಅಡಿಕೆಯ ಒಗರೂ ಒಂದು ಕಾರಣವಲ್ಲವೆ?

ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಈ ಸೀಮೆಯಲ್ಲಿ ಸ್ಟೇಕಿನ ಸ್ಥಾನ ಕುರಿಮಾಂಸದ್ದು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೀದಿಬೀದಿಗಳಲ್ಲಿ ಮಾರುತ್ತಿದ್ದ ಕುರಿಮಾಂಸದ ಕೊಬ್ಬನ್ನೂ ಪೇಟೆಯಲ್ಲಿ ದೊರೆಯುತ್ತಿದ್ದ ದ್ರಾಕ್ಷಿಯನ್ನೂ ಬರೆದಿಟ್ಟಿದ್ದಾನೆ. ಅಂಥ ಕೊಬ್ಬುಳ್ಳ ಪಕ್ಕೆಯ ತುಂಡನ್ನು ಉಪ್ಪು ಮಾತ್ರ ಹಚ್ಚಿ ಕೆಂಡದಲ್ಲಿ ಸುಟ್ಟರೆ, ಒಗರು ಹೆಚ್ಚಾಗಿರುವ ಕ್ಯಾಬರ್ನೇ ಸೊವಿನ್ಯೋ ಅದಕ್ಕೆ ತಕ್ಕ ಜೋಡಿ. ಉಪ್ಪು ಕಹಿಯನ್ನು ಅಡಗಿಸುವುದರಿಂದ ಅದೂ ಸಹಾಯಕ. ಕರಿಮೆಣಸು ಮುಂದಾದರೆ ಶಿರಾಜ್ ಒಳಿತು. ಕರಿಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತು ಆ ದ್ರಾಕ್ಷಿಯಲ್ಲಿಯೂ ಉಂಟು. ಕೊಬ್ಬಿಲ್ಲದ ತೊಡೆಯ ಮಾಂಸವನ್ನು ಚೆನ್ನಾಗಿ ಬೇಯಿಸಿದಾಗ ಒಗರಿಗೆ ಆಸರೆ ಕಡಿಮೆ. ಅದಕ್ಕೆ ಮೃದುವಾದ ಮರ್ಲೋ ಸಾಕು. ಇವನ್ನು ಹುಡುಕಿಕೊಂಡು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆ ಕ್ಯಾಬರ್ನೇ, ಶಿರಾಜ್‌ಗಳನ್ನು ಬೆರೆಸಿ ವೈನ್ ತಯಾರಿಸಿತು. ತುಂಗಭದ್ರೆಯಾಚೆಯ ಕೊಪ್ಪಳ ಜಿಲ್ಲೆಯಲ್ಲಿ ಕ್ರಿಸ್ಮಾ ಸಂಸ್ಥೆಯ ತೋಟ ಹಂಪಿಯ ಬೆಟ್ಟಗಳ ಹೆಸರನ್ನೇ ಹೊತ್ತಿದೆ.

ಇನ್ನು ಖಾರದ ಸಾರಿನ ಸಂಗತಿ. ಒಣಮೆಣಸಿನಕಾಯಿಯ ಉರಿಗೆ ಮದ್ಯಸಾರ ಎಣ್ಣೆ ಹೊಯ್ದಂತೆ. ಒಗರು ಆಗ ಕಹಿಯಾಗಿ ತೋರುತ್ತದೆ. ಶೀಷೆಯ ಬೆಲೆ ಏರಿದಷ್ಟೂ ಒಗರಿನ ಗತ್ತು ಏರಿರುವುದುಂಟಾದ್ದರಿಂದ, ದುಬಾರಿಯಾದದ್ದೇ ಇಲ್ಲಿ ಹೆಚ್ಚು ಹಿಂಸೆ ಕೊಡಬಹುದು. ಒಗರು ಕಡಿಮೆಯಾಗಿ ಹಣ್ಣಿನ ಸವಿ ಮುಂದಾಗಿರುವ, ತುಸು ಸಿಹಿಯಾದ ವೈನ್ ಇದ್ದರೆ ಸರಿ. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುವ ಅಗ್ಗದ ಸಿಹಿ ವೈನನ್ನು ಬಲ್ಲವರು ತಿರಸ್ಕರಿಸುವುದುಂಟು. ಖಾರದೆದುರು ಅದು ಅಷ್ಟು ಜಗಳವಾಡುವುದಿಲ್ಲ.

ಕೆಂಪು ವೈನನ್ನು ಕೋಣೆಯ ಶಾಖದಲ್ಲಿಯೇ ಕುಡಿಯಬೇಕೆಂಬ ಇನ್ನೊಂದು ಮಾತೂ ಹೀಗೆಯೇ. ಅದು ತಣ್ಣನೆಯ ಯೂರೋಪಿನ ಮನೆಗಳ ಕೋಣೆ. ಅಲ್ಲಿಯ ಉದ್ದೇಶ ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್. ಬೇಸಗೆಯಲ್ಲಿ 40 ಡಿಗ್ರಿಗೆ ಹತ್ತುವ ಬಳ್ಳಾರಿ ಸೀಮೆಯಲ್ಲಿ ಶೀಷೆಯನ್ನು ಮೊದಲು ತಂಪುಪೆಟ್ಟಿಗೆಯಲ್ಲಿ ಇಟ್ಟು ತಣಿಸುವುದು ಅವಶ್ಯ.

ಕುಡಿಯದವರನ್ನು ಒತ್ತಾಯಪಡಿಸದಿರುವುದು ಎಲ್ಲ ಸೂತ್ರಗಳಿಗಿಂತ ಹಿರಿದಾದ ಮರ್ಯಾದೆ. ಅವರು ನಷ್ಟಪಡುವುದೂ ಇಲ್ಲ. ಮಜ್ಜಿಗೆಯಲ್ಲಿರುವ ಕೇಸೀನ್ ಎಂಬ ಪ್ರೋಟೀನು ಮೆಣಸಿನಕಾಯಿಯ ಉರಿಯನ್ನು ನಾಲಗೆಯಿಂದ ಸೆಳೆದುಕೊಳ್ಳುತ್ತದೆ. ರೊಟ್ಟಿ, ಖಾರದ ಸಾರುಗಳ ಊಟದಲ್ಲಿ ಜೋಡಿಯ ಗೆಲುವು ಬಹುಮಟ್ಟಿಗೆ ಅದರದೇ.